“ಎಲ್ಲ ಸುಟ್ಟುಹೋಗಿದೆ” ಅನ್ನೋ ಮುಂಚೆ ಸ್ವಲ್ಪ ಹುಡುಕಿ ಸ್ವಾಮೀ

ಅತ್ತೆಯವರ ಮನೆಯಲ್ಲಿ ಯಹೂದಿಗಳ ಪಾಸೋವರ್ ಹಬ್ಬದ ಊಟ ಮುಗಿಸಿ ಈಗಷ್ಟೇ ಬಂದೆ. ಮೈಯೆಲ್ಲ ಉರೀತಿದೆ. ಅತ್ತೆಯ ತವರು ಈಗಿನ ಉಕ್ರೇನಿನ ಲ್ವಿವ್ ಕಡೆಯದು. ಅವರಪ್ಪ ಎರಡನೇ ಮಹಾಯುದ್ಧಕ್ಕೆ ಮುಂಚೆ ಅಮೆರಿಕಕ್ಕೆ ಬಂದರು, ಒಡಹುಟ್ಟಿದವರೆಲ್ಲ ಅಲ್ಲೇ ಉಳಿದರು. ಆಮೇಲಿನದು ಹೇಳಬೇಕಿಲ್ಲ.

ಇವತ್ತು ನಮ್ಮವರ ಸೋದರಮಾವನ ಮಗ ದೊಡ್ಡದಾಗಿ ನಿಟ್ಟುಸಿರು ಬಿಟ್ಟು, “ನಾಜಿಗಳು ಎಲ್ಲ ಸುಟ್ಟುಹಾಕಿದ್ದಾರೆ, ಏನೂ ಸಿಗಲ್ಲ” ಅಂದ. ಅತ್ತೆ ಸುಮ್ನೆ ತಲೆಯಾಡಿಸಿದರು. ಎಲ್ಲೆಲ್ಲಿ ಹುಡುಕಿದೆಯಪ್ಪಾ ಅಂದರೆ, ಫೋನಿನಲ್ಲಿ ಒಂದು ಸಲ ಹೆಸರು ಹೊಡೆದು ನೋಡಿದ್ದನಂತೆ. ಭಾರಿ ಸಂಶೋಧನೆ!

ಜರ್ಮನಿಯ ಬಾದ್ ಆರೋಲ್ಸನ್‌ನಲ್ಲಿ ನಾಜಿಗಳ ಕೈಗೆ ಸಿಕ್ಕವರ ಸುಮಾರು 3 ಕೋಟಿ ದಾಖಲೆಗಳಿರುವ ಭಂಡಾರ ಇದೆ. 2007ರಿಂದ ಸಂಶೋಧಕರಿಗೂ ಬಾಗಿಲು ತೆರೆದಿದೆ. ಮನೆಯವರು ಕೇಳಿದರೆ ಬಿಟ್ಟಿಯಾಗಿ ಹುಡುಕಿಕೊಡುತ್ತಾರೆ. ಜೆರುಸಲೇಮಿನ ಸ್ಮಾರಕ ಸಂಸ್ಥೆ ಯಾದ್ ವಾಶೆಮ್‌ನಲ್ಲಿ ನಾಜಿಗಳ ಕಾಲದಲ್ಲಿ ಸತ್ತ ಯಹೂದಿಗಳ 48 ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಎಷ್ಟೋ ಹೆಸರುಗಳನ್ನು ಬದುಕುಳಿದ ನೆಂಟರೇ ಸಾಕ್ಷಿಪತ್ರ ತುಂಬಿ ಬರೆಸಿದ್ದು. ಪತ್ರದ ಕೆಳಗೆ ತುಂಬಿದವರ ಹೆಸರೂ ಇರುತ್ತದೆ. ಸತ್ತವರನ್ನು ಹುಡುಕಲು ಹೋದವರಿಗೆ ಬದುಕಿರುವ ನೆಂಟರು ಸಿಕ್ಕಿರುವುದೂ ಉಂಟು.

ಅಷ್ಟು ದೂರ ಯಾಕೆ? ತಾತ ಬಂದ ಹಡಗಿನ ಪಟ್ಟಿ ನೋಡಿದ್ದಾನಾ? 1907ರಿಂದ ಅದರಲ್ಲಿ, ಊರಲ್ಲಿ ಬಿಟ್ಟುಬಂದ ಹತ್ತಿರದ ನೆಂಟರ ಹೆಸರು, ವಿಳಾಸ ಬರೆಸಿಕೊಳ್ಳುತ್ತಿದ್ದರು. ಪೌರತ್ವದ ಕಾಗದದಲ್ಲಿ ಹುಟ್ಟಿದ ಊರು ಇರುತ್ತದೆ. ಊರು ಗೊತ್ತಾಗದೆ ಬರೀ ಹೆಸರು ಹಿಡಿದು ಹೊರಟರೆ ಕಥೆ ಮುಗೀತು. ಆ ಊರೂ ಒಂದು ಕಡೆ ನಿಂತಿಲ್ಲ. 1918ರವರೆಗೆ ಆಸ್ಟ್ರಿಯಾದ ಲೆಂಬರ್ಗ್, ಆಮೇಲೆ ಪೋಲೆಂಡಿನ ಲ್ವೂಫ್, ಈಗ ಉಕ್ರೇನಿನ ಲ್ವಿವ್. ಹಾಗಾಗಿ ಉಕ್ರೇನಿನ ಊರಿನ ಹಳೇ ಯಹೂದಿ ಜನನ ಪುಸ್ತಕಗಳು ಪೋಲೆಂಡಿನ ವಾರ್ಸಾದಲ್ಲೂ ಇವೆ! ಇನ್ನು ಶ್ವಾರ್ಟ್ಸ್ ಅನ್ನೋ ಒಂದು ಮನೆತನದ ಹೆಸರನ್ನೇ ಪೋಲಿಷರು ಒಂದು ಥರ, ಜರ್ಮನ್ನರು ಇನ್ನೊಂದು ಥರ ಬರೆದಿರುತ್ತಾರೆ. ಒಂದು ಸಲ ಹೊಡೆದು ಬಿಟ್ಟರೆ ಏನು ಸಿಗುತ್ತದೆ, ಮಣ್ಣು?

ಅವನ ಮಾತಲ್ಲೂ ನಿಜ ಇದೆ, ಒಪ್ಪುತ್ತೇನೆ. ಲ್ವಿವ್ ಕಡೆಯ ಬಹಳ ಜನರನ್ನು 1942ರಲ್ಲಿ ನಾಜಿಗಳ ಕೊಲೆ ಶಿಬಿರವಾದ ಬೆಲ್ಝೆಕ್‌ಗೆ ಸಾಗಿಸಿದರು. ಅಲ್ಲಿ ಕೊಂದದ್ದು 4 ಲಕ್ಷಕ್ಕೂ ಹೆಚ್ಚು ಮಂದಿಯನ್ನು. ಒಬ್ಬೊಬ್ಬರ ಹೆಸರು ಬರೆದಿಟ್ಟ ಪಟ್ಟಿ ಇಲ್ಲ. ಸರಿ. ಆದರೆ ಅವರು ಅದಕ್ಕೆ ಮುಂಚೆ ಬದುಕಿದ್ದರು ಅಲ್ವಾ? ಹುಟ್ಟಿದ್ದರು, ಮದುವೆಯಾಗಿದ್ದರು, ಅಂಗಡಿ ಇಟ್ಟಿದ್ದರು. 1929ರ ಪೋಲೆಂಡಿನ ವ್ಯಾಪಾರಿಗಳ ಡೈರೆಕ್ಟರಿಯಲ್ಲಿ ಸಣ್ಣ ಸಣ್ಣ ಊರಿನ ಅಂಗಡಿಯವರ ಹೆಸರೂ ಇದೆ. ಸಾವಿನ ದಾಖಲೆ ಇಲ್ಲ ಅಂತ ಬದುಕಿನ ದಾಖಲೆಯನ್ನೂ ನೋಡಲ್ಲ ಅನ್ನೋದು ಸೋಮಾರಿತನ, ದುಃಖ ಅಲ್ಲ.

ನಿಜ ಹೇಳಲಾ? ನನಗೆ ಹೊಟ್ಟೆಕಿಚ್ಚೂ ಇದೆ. ನನ್ನ ಅಜ್ಜಿಯ ತಾಯಿಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಶ್ರಾದ್ಧದಲ್ಲಿ ಮೂರು ತಲೆಮಾರು ಹೇಳಿ ಮುಗಿಸುತ್ತೇವೆ. ಅವಳನ್ನು ಹುಡುಕಲು ನನಗೆ ಹಡಗಿನ ಪಟ್ಟಿಯೂ ಇಲ್ಲ, ಡೈರೆಕ್ಟರಿಯೂ ಇಲ್ಲ. ಇವನಿಗೆ ಇಷ್ಟೆಲ್ಲ ಇದ್ದೂ ನಿಟ್ಟುಸಿರು!

ಅತ್ತೆಯ ಸೋದರತ್ತೆಯರ ಹೆಸರು ಕೇಳಿ ಬರೆದುಕೊಂಡಿದ್ದೇನೆ. ಆರೋಲ್ಸನ್‌ನ ಅರ್ಜಿ ಇವತ್ತು ರಾತ್ರಿಯೇ ತುಂಬುತ್ತೇನೆ. ಆ ಮಹಾನುಭಾವನಿಗೆ ಕನ್ನಡ ಓದೋಕೆ ಬರಲ್ಲ. ಯಾರೂ ಅನುವಾದ ಮಾಡಿ ಕಳಿಸಬೇಡಿ, ಪ್ಲೀಸ್.