ಓದಿ ಮುಗಿಸಿ ಬರೆಯುತ್ತೇನೆ ಎನ್ನುವವರಿಗೆ

ಕಾಗದದ ಚರಿತ್ರೆಯ ಬಗ್ಗೆ ಪುಸ್ತಕ ಬರೆಯುತ್ತಿದ್ದೇನೆ ಎಂದು ನಾನು ಹೇಳಿಕೊಂಡು ತಿರುಗಲು ಆರಂಭಿಸಿ ನಾಲ್ಕು ವರ್ಷವಾಯಿತು. ಮೊದಲ ಮೂರು ವರ್ಷದಲ್ಲಿ ಟಿಪ್ಪಣಿಗಳಿಂದ ಏಳು ನೋಟ್‌ಪುಸ್ತಕಗಳು ತುಂಬಿದವು, ಪುಸ್ತಕದ ಒಂದು ಪುಟವೂ ಹುಟ್ಟಲಿಲ್ಲ. ಯಾರಾದರೂ ವಿಚಾರಿಸಿದರೆ ‘ಅಧ್ಯಯನ ನಡೆಯುತ್ತಿದೆ’ ಎನ್ನುತ್ತಿದ್ದೆ. ಬಹಳ ಘನವಾದ ಮಾತು ಅದು. ಕೇಳಿದವರು ತಲೆದೂಗಿ ಸುಮ್ಮನಾಗುತ್ತಾರೆ. ಬರೆಯಲು ಕೂತರೆ ನನಗೆ ಗೊತ್ತಿರುವುದು ಎಷ್ಟು ಕಡಿಮೆ ಎಂಬುದು ಬಯಲಾಗುತ್ತದೆ ಎಂಬ ಹೆದರಿಕೆ ಒಳಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ನಮ್ಮಂಥವರಿಗೇ ಹೇಳಿಮಾಡಿಸಿದ್ದು. ಓದು ಮುಗಿಯದೆ ಬರೆಯಲಾಗದು ಅನ್ನಿಸುತ್ತದೆ. ಆದರೆ ಏನನ್ನು ಓದಬೇಕು ಎಂಬುದು ಬರೆಯುವವರೆಗೆ ತಿಳಿಯುವುದೇ ಇಲ್ಲ.

ಡಾರ್ವಿನ್‌ನಂಥವನೂ ಇದರಲ್ಲಿ ಸಿಕ್ಕಿಬಿದ್ದಿದ್ದ. 1842ರಲ್ಲೇ ತನ್ನ ವಿಕಾಸವಾದದ ಸಿದ್ಧಾಂತವನ್ನು ಪೆನ್ಸಿಲಿನಲ್ಲಿ ಗೀಚಿಟ್ಟಿದ್ದ, 1844ರಲ್ಲಿ ಅದನ್ನೇ ಹಿಗ್ಗಿಸಿ ದೊಡ್ಡ ಪ್ರಬಂಧವಾಗಿಸಿದ್ದ. ಆಮೇಲೆ ವರ್ಷಗಟ್ಟಲೆ ಪುರಾವೆ ಕೂಡಿಹಾಕಿದ. 1856ರಲ್ಲಿ ಶುರುಮಾಡಿದ ಬೃಹತ್ ಗ್ರಂಥ ಮುಗಿಯುವ ಲಕ್ಷಣ ಕಾಣಲಿಲ್ಲ. 1858ರ ಜೂನ್‌ನಲ್ಲಿ ವ್ಯಾಲೇಸ್ ಎಂಬ ಇನ್ನೊಬ್ಬ ನಿಸರ್ಗವಿಜ್ಞಾನಿಯ ಪತ್ರ ಬಂತು. ಅದರಲ್ಲಿ ಹೆಚ್ಚುಕಡಿಮೆ ಅದೇ ವಿಚಾರವಿತ್ತು. ಮರುವರ್ಷದ ನವೆಂಬರ್‌ನಲ್ಲಿ ಡಾರ್ವಿನ್‌ನ ಪುಸ್ತಕ ಅಂಗಡಿಗೆ ಬಂದಿತ್ತು. ಇದು ಬರಿಯ ಸಾರಾಂಶ, ಅಪೂರ್ಣ ಎಂದು ಪೀಠಿಕೆಯಲ್ಲೇ ಹೇಳಿಕೊಂಡ. ಆ ದೊಡ್ಡ ಗ್ರಂಥ ಅವನ ಜೀವಿತಕಾಲದಲ್ಲಿ ಹೊರಬರಲೇ ಇಲ್ಲ. ನಮಗೆ ಅಂಥ ಪತ್ರ ಬರೆಯುವವರು ಯಾರೂ ಇಲ್ಲ, ಅದೇ ತೊಂದರೆ.

ನನ್ನನ್ನು ಕೊನೆಗೆ ಮೇಜಿಗೆ ಕೂರಿಸಿದ್ದು ಪರಿವಿಡಿಯ ಒಂದು ಸಣ್ಣ ತಿದ್ದುಪಡಿ. ಮೊದಲು ಅಧ್ಯಾಯಗಳಿಗೆಲ್ಲ ಹೆಸರು ಕೊಟ್ಟಿದ್ದೆ: ‘ಕಾಗದದ ಕಚ್ಚಾವಸ್ತುಗಳು’, ‘ಕಾಗದ ಮತ್ತು ಯಂತ್ರಯುಗ’. ಇವು ಗೋದಾಮಿನ ಬಾಗಿಲಿಗೆ ಹಚ್ಚುವ ಚೀಟಿಗಳು. ಒಳಗೆ ಎಷ್ಟು ತುಂಬಿದರೂ ಹಿಡಿಯುತ್ತದೆ. ಒಂದು ದಿನ ಹೆಸರುಗಳನ್ನು ಹೊಡೆದುಹಾಕಿ ಪ್ರಶ್ನೆಗಳನ್ನು ಬರೆದೆ. ‘ಯುರೋಪಿನಲ್ಲಿ ಕಾಗದಕ್ಕೆ ಚಿಂದಿಬಟ್ಟೆ ಸಾಲದೇ ಬಂದಾಗ ಏನು ಮಾಡಿದರು?’ ಈಗ ಅಧ್ಯಾಯಕ್ಕೆ ತಲೆಯೂ ಬಂತು, ಬಾಲವೂ ಬಂತು. ಚಿಂದಿಯ ಬರದಿಂದ ಹೊರಟು 1840ರ ದಶಕದಲ್ಲಿ ಮರವನ್ನು ಅರೆದು ತಿರುಳು ತೆಗೆಯುವ ವಿದ್ಯೆ ಬಂದಲ್ಲಿಗೆ ಮುಟ್ಟಿದರೆ ಉತ್ತರ ಸಿಕ್ಕಿತು. ಪ್ರಶ್ನೆಗೆ ಸಂಬಂಧಿಸದ ಟಿಪ್ಪಣಿ ಎಷ್ಟೇ ಚಂದವಿದ್ದರೂ ಹೊರಗೆ. ಹಾಗೆ ಹೊರಹಾಕುವಾಗ ಕರುಳು ಕಿವುಚಿದ್ದು ಬೇರೆ ಮಾತು.

ಲೆಕ್ಕ ಸರಳ. ಹನ್ನೆರಡು ಅಧ್ಯಾಯ, ತಲಾ 5,000 ಪದ, ಒಟ್ಟು 60,000. ದಿನಕ್ಕೆ 500 ಪದದಂತೆ 120 ದಿನ. ಲೆಕ್ಕದಂತೆ ನಡೆಯಲಿಲ್ಲ, ಅದನ್ನು ಬಿಡಿ.

ಕರಡು ಬರೆಯುವಾಗ ನಾನು ಪಾಲಿಸುವ ನಿಯಮ ಒಂದೇ: ಬರೆಯುವ ಹೊತ್ತಿನಲ್ಲಿ ಏನನ್ನೂ ಹುಡುಕುವುದಿಲ್ಲ. ಇಸವಿ ನೆನಪಾಗದಿದ್ದರೆ ಆ ಜಾಗದಲ್ಲಿ ಮೂರು ನಕ್ಷತ್ರ ಚಿಹ್ನೆ ಹಾಕಿ ಮುಂದಕ್ಕೆ ಹೋಗುತ್ತೇನೆ. ಒಂದು ಇಸವಿ ಹುಡುಕಲು ಎದ್ದವನು ಸಂಜೆಯ ಹೊತ್ತಿಗೆ ಶಾಯಿಯ ರಾಸಾಯನಿಕ ಗುಣಗಳನ್ನು ಓದುತ್ತಾ ಕೂತಿರುತ್ತಾನೆ, ಅನುಭವದ ಮಾತು. ದಿನದ ಬರಹವನ್ನು ಅರ್ಧ ವಾಕ್ಯದಲ್ಲಿ ನಿಲ್ಲಿಸುವುದೂ ರೂಢಿಯಾಗಿದೆ, ಮರುದಿನ ಖಾಲಿ ಪುಟದ ಮುಖ ನೋಡಬೇಕಾಗಿಲ್ಲ. ಪೀಠಿಕೆಯನ್ನು ಇನ್ನೂ ಮುಟ್ಟಿಲ್ಲ. ಮನೆಯೇ ಎದ್ದಿಲ್ಲ, ಹೊಸ್ತಿಲಿಗೆ ರಂಗೋಲಿ ಏಕೆ?

ಕರಡು ಚೆನ್ನಾಗಿದೆಯೇ ಎಂದು ಕೇಳಬೇಡಿ. ಮೂರನೆಯ ಅಧ್ಯಾಯದಲ್ಲಿ ‘ವಾಸ್ತವವಾಗಿ’ ಎಂಬ ಪದ ಹತ್ತೊಂಬತ್ತು ಸಲ ಬಂದಿದೆ. ಐದನೆಯದು ಎರಡನೆಯದಕ್ಕಿಂತ ಮುಂಚೆ ಬರಬೇಕಿತ್ತು ಎಂದು ಬರೆದು ಮುಗಿಸಿದ ಮೇಲೆ ಹೊಳೆಯಿತು. ಸದ್ಯ ಏಳನೆಯ ಅಧ್ಯಾಯದಲ್ಲಿದ್ದೇನೆ. ಈವರೆಗೆ ನಲವತ್ತೊಂದು ಕಡೆ ನಕ್ಷತ್ರಗಳು ಬಿದ್ದಿವೆ. ಅವುಗಳಲ್ಲಿ ಒಂಬತ್ತಕ್ಕೆ ಮಾತ್ರ ಉತ್ತರ ಆ ಏಳು ನೋಟ್‌ಪುಸ್ತಕಗಳಲ್ಲಿ ಸಿಕ್ಕಿತು.