ತ್ರಾಣವೆಂದರೆ ರಕ್ಷಣೆಯಷ್ಟೇ ಅಲ್ಲ

‘ನಿತ್ರಾಣ’ಕ್ಕೆ ನಿಶ್ಶಕ್ತಿ ಎಂಬ ಅರ್ಥವನ್ನು ಕನ್ನಡಿಗರು ತಪ್ಪಾಗಿ ಅಂಟಿಸಿದ್ದಾರೆ ಎಂದು ಆ ಪದದ ಬಗೆಗಿನ ಲೇಖನವೊಂದರಲ್ಲಿ ಲೇಖಕರು ಹೇಳಿರುವ ಮಾತನ್ನು ಒಪ್ಪಲಾರೆ. ಸಂಸ್ಕೃತದಲ್ಲಿ ತ್ರಾಣವೆಂದರೆ ರಕ್ಷಣೆ, ನಿಜ. ‘ಶಿರಸ್ತ್ರಾಣ’ದಲ್ಲಿ ಇರುವುದೂ ಅದೇ. ಆದರೆ ಕನ್ನಡದಲ್ಲಿ ಅದಕ್ಕೆ ಕಸುವು ಎಂಬ ಅರ್ಥ ಬೇರೂರಿದೆ, ಮರಾಠಿಯಲ್ಲೂ ಹಾಗೆಯೇ. ಕಳೆದ ಮಳೆಗಾಲ ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಅಮ್ಮ ಮಲೇರಿಯಾದಿಂದ ಎದ್ದಾಗ, ಗಂಜಿಯ ಲೋಟ ಹಿಡಿದರೂ ಕೈ ನಡುಗುತ್ತಿತ್ತು. ‘ಮೈಯಲ್ಲಿ ತ್ರಾಣವೇ ಇಲ್ಲ ಮಗಳೇ’ ಎಂದರು. ನೋಡಲು ಬಂದಿದ್ದ ಪಕ್ಕದ ಮನೆಯ ಮರಾಠಿ ಅಜ್ಜಿಯೂ ತಮ್ಮ ಕಾಯಿಲೆಯ ದಿನಗಳನ್ನು ನೆನೆದು ‘ಅಂಗಾತ್ ತ್ರಾಣ್ ನವ್ಹತಾ’ (ಮೈಯಲ್ಲಿ ತ್ರಾಣವಿರಲಿಲ್ಲ) ಎಂದರು. ಎರಡು ಭಾಷೆಯ ಹಿರಿಯರು ಒಂದೇ ತಪ್ಪು ಮಾಡುತ್ತಿದ್ದಾರೆಯೇ? ಇನ್ನು ನಿತ್ರಾಣದ ಬದಲು ‘ಸುಸ್ತು’ ಎನ್ನೋಣವೆಂದರೆ ಅದು ಸಾಟಿಯಲ್ಲ. ಪಾರಸಿಯಿಂದ ಬಂದ ಆ ಪದ ನಮಗೆ ದಣಿವು; ಇಲ್ಲಿನ ಮರಾಠಿಗರಿಗೆ ‘ಸುಸ್ತ್’ ಎಂದರೆ ಸೋಮಾರಿ ಎಂದೇ ಕೇಳಿಸುತ್ತದೆ.