ಕೂತಿದೆ, ಆದ್ರೆ ಸೆಟ್ಟಾಗಿಲ್ಲ

ನಮ್ಮ ಬಚ್ಚಲುಮನೆಯ ಹೊಸ್ತಿಲ ಕಲ್ಲು ಅಲ್ಲಾಡತೊಡಗಿ ವರ್ಷವೇ ಆಗಿತ್ತು. ಅಂತೂ ಒಂದು ಭಾನುವಾರ ಗಾರೆ ಮೇಸ್ತ್ರಿ ಬಂದರು. ಹಳೇ ಗಾರೆ ಕೆತ್ತಿ ತೆಗೆದು, ಸಿಮೆಂಟು ಕಲಸಿ ಹಾಕಿ, ಕಲ್ಲಿಟ್ಟು, ಕರಣೆಯ ಹಿಡಿಯಿಂದ ನಾಲ್ಕೂ ಮೂಲೆಗೆ ಟಕ್ ಟಕ್ ಅಂತ ತಟ್ಟಿದರು. ರಸಮಟ್ಟದ ಗುಳ್ಳೆ ನಡುಮಧ್ಯಕ್ಕೆ ಬರುವ ತನಕ ಅವರ ಉಸಿರೇ ನಿಂತಂತಿತ್ತು. “ಕೂತಿದೆ ಸಾರ್, ಆದ್ರೆ ಸೆಟ್ಟಾಗಿಲ್ಲ. ನಾಳೆವರ್ಗೂ ಯಾರೂ ಕಾಲಿಡ್ಬೇಡಿ” ಅಂದು ಕೈ ತೊಳೆದುಕೊಂಡು ಹೊರಟರು.

ಒಂದೇ ಮಾತನ್ನು ಎರಡು ಭಾಷೆಯಲ್ಲಿ ಆಡಿ ಹೋದೆ ಅನ್ನುವುದು ಅವರಿಗೇನು ಗೊತ್ತು! ಇಂಗ್ಲಿಷಿನ ‘ಸೆಟ್’ ಹುಟ್ಟಿದ್ದು ‘ಸಿಟ್’ನ ಮನೆಯಲ್ಲೇ. ಸಿಟ್ ಅಂದರೆ ಕೂರು; ಸೆಟ್ ಅಂದರೆ ಕೂರಿಸು. ನಾವು ‘ಇಸು’ ಎಂಬ ಬಾಲ ಅಂಟಿಸಿ ಮಾಡುವ ಕೆಲಸವನ್ನು ಅವರು ಹೊಟ್ಟೆಯೊಳಗಿನ ಸ್ವರ ಬದಲಿಸಿ ಮಾಡಿಕೊಂಡಿದ್ದಾರೆ. ಮರ ತಾನಾಗಿ ಬಿದ್ದರೆ ‘ಫಾಲ್’, ಕೊಡಲಿ ಹಿಡಿದು ಕೆಡವಿದರೆ ‘ಫೆಲ್’. ಹಾಗಾಗಿ ಗಣಪತಿ ಕೂರಿಸುವುದು, ದಸರೆಗೆ ಗೊಂಬೆ ಕೂರಿಸುವುದು, ಉಂಗುರಕ್ಕೆ ಹರಳು ಕೂರಿಸುವುದು ಎಲ್ಲವೂ ಅಪ್ಪಟ ಸೆಟ್ಟೇ. “ಕಾಲರ್ ಸರಿಯಾಗಿ ಕೂತಿಲ್ಲ” ಎನ್ನುವ ಟೈಲರ್ ಕೂಡ ಇದೇ ಬಳಗದವರು.

ಇಂಗ್ಲಿಷಿನ ಸೂರ್ಯನೂ ಸಂಜೆ ಸೆಟ್ಟಾಗುತ್ತಾನೆ. ನಮ್ಮಲ್ಲಿ ಹೊತ್ತು ಮುಳುಗುತ್ತದೆ, ಕಂತುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕೆ ‘ಸೆಟ್ಲ್‌ಗಾಂಗ್’ ಎಂಬ ಮಾತಿತ್ತು. ಪೀಠಕ್ಕೆ ಹೋಗುವುದು ಅಂತ. ಬೆಳಗಿಂದ ಗೇದವನು ಉಸ್ಸಪ್ಪಾ ಅಂತ ಜಗಲಿ ಮೇಲೆ ಕೂತ ಹಾಗೆ. ನನಗಂತೂ ಮುಳುಗುವ ಸೂರ್ಯನಿಗಿಂತ ಈ ಕೂರುವ ಸೂರ್ಯನೇ ಇಷ್ಟ. ಬೆಳಿಗ್ಗೆ ಒದ್ದೆಯಾಗಿ ಏಳುವ ತಾಪತ್ರಯವಿಲ್ಲ.

ಆಕ್ಸ್‌ಫರ್ಡ್ ನಿಘಂಟಿನ 1989ರ ಎರಡನೇ ಆವೃತ್ತಿ 20 ಸಂಪುಟಗಳದ್ದು. ಅದರಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ಈ ಮೂರಕ್ಷರದ ಸೆಟ್‌ನದೇ. ಕ್ರಿಯಾಪದಕ್ಕೇ ಸುಮಾರು 430 ಅರ್ಥ. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ 645 ಅರ್ಥ ಹೊತ್ತು ಮುಂದೆ ಹೋಯಿತು. ಕೂತವನನ್ನು ಓಡುವವನು ಹಿಂದೆ ಹಾಕಿದರೆ ತಕರಾರು ಮಾಡಲಾದೀತೆ?

ಸಿಟ್‌ಗೆ ನಮ್ಮ ಕಡೆಯೂ ನೆಂಟರಿದ್ದಾರೆ. ಸಂಸ್ಕೃತದ ‘ಸದ್’ ಧಾತು ಅದರ ದಾಯಾದಿ. ನಮ್ಮ ‘ದ’ ಅಲ್ಲಿ ‘ಟ’ ಆಗುತ್ತದೆ: ದ್ವಿ ಹೋಗಿ ಟೂ, ದಶ ಹೋಗಿ ಟೆನ್. ಗುರುವಿನ ಹತ್ತಿರ ಕೂತು ಕೇಳಿದ್ದು ಉಪನಿಷತ್ತು, ಸುತ್ತ ಕೂತವರದು ಪರಿಷತ್ತು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಕಟ್ಟಿದವರು ಹೆಸರಿನಲ್ಲೇ ಒಂದು ಕುರ್ಚಿ ಹಾಕಿಟ್ಟಿದ್ದರು. ಆ ಕುರ್ಚಿಗೆ ಈಗಲೂ ಚುನಾವಣೆ ನಡೆಯುತ್ತದೆ, ಇರಲಿ.

ಈ ಸಂಭ್ರಮದಲ್ಲಿ ಸೆಟ್ ದೋಸೆಯನ್ನೂ ಬಳಗಕ್ಕೆ ಸೇರಿಸಲು ಹೊರಟಿದ್ದೆ. ಆದರೆ ಅದು ಬೇರೆ ಮನೆತನ. ಗುಂಪು ಎಂಬರ್ಥದ ಸೆಟ್ ಬಂದದ್ದು ಲ್ಯಾಟಿನ್ನಿನ ‘ಸೆಕ್ಟಾ’ದಿಂದ, ಫ್ರೆಂಚಿನ ದಾರಿಯಾಗಿ, ಅಂದರೆ ಅನುಯಾಯಿಗಳ ಪಂಥ. ಇಂಗ್ಲಿಷಿಗೆ ಬಂದ ಮೇಲೆ ಎರಡೂ ಬೆರೆತುಹೋದವು. ಒಂದರ ಬೆನ್ನಿಗೆ ಒಂದು ಮಲಗಿದ ಆ ಮೂರು ಮೆತ್ತನೆ ದೋಸೆಗಳನ್ನು ಸಾಗು ಮತದ ಅನುಯಾಯಿಗಳು ಎಂದುಕೊಂಡರೆ ತಪ್ಪೇನಿಲ್ಲ. ಇನ್ನು ನಮ್ಮ ಮಗ, ಏನು ಹೇಳಿದರೂ “ನಂಗೆ ಸೆಟ್ಟಾಗಲ್ಲಪ್ಪ” ಅನ್ನುತ್ತಾನಲ್ಲ, ಅದು ಯಾವ ಮನೆತನದ್ದೋ ಅವನೇ ಹೇಳಬೇಕು.

ಮರುದಿನ ಬೆಳಿಗ್ಗೆ ಹೊಸ್ತಿಲ ಮೇಲೆ ಮೆಲ್ಲಗೆ ಕಾಲಿಟ್ಟೆ. ಕಲ್ಲು ಅಲುಗಲಿಲ್ಲ. ಮೇಸ್ತ್ರಿ ಹೇಳಿದ್ದನ್ನು ಮನೆಮಂದಿಗೆಲ್ಲ ಹೇಳಿದ್ದೆ, ಬೆಕ್ಕಿಗೆ ಹೇಳಿರಲಿಲ್ಲ. ಅಂಚಿನ ಸಿಮೆಂಟಿನಲ್ಲಿ ಅದರ ನಾಲ್ಕು ಹೆಜ್ಜೆ ಚೆನ್ನಾಗಿ ಸೆಟ್ಟಾಗಿದ್ದವು.